ತೌಡಿಗೆ ಕೊಂಡ ಮಗ

ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು ಏಳುವುದು ಮಂಚಮ್ಮನ ಜಾಯಮಾನದಲ್ಲೇ ಇರಲಿಲ್ಲ. ಎಪ್ಪತ್ತೆಂಟು ವರ್ಷದ ಜೀವ. ಹಲ್ಲು ಹೋದರೇನು, ಮುದ್ದೆಗೆ ಹಲ್ಲು ಬೇಕಿಲ್ಲವಲ್ಲ ಎಂದು ತಾನೇ ನಗಾಡಿಕೊಂಡು, ಬೆರಳಿಗಂಟಿದ ಸಾರನ್ನೂ ಬಿಡದೆ ಉಂಡು ಏಳುವವಳು. ಅಂಥವಳು ಆ ಸೋಮವಾರ ಮಧ್ಯಾಹ್ನ ಮುದ್ದೆ ಮುರಿದು ಹುರುಳಿಕಾಳಿನ ಬಸ್ಸಾರಿಗೆ ಅದ್ದಿ, ಬಾಯಿಗಿಡದೆ ತಟ್ಟೆಯಲ್ಲೇ ಕೈ ತೊಳೆದುಬಿಟ್ಟಳು.

ಆಗಿದ್ದು ಇಷ್ಟೇ. ಸೊಸೆ ಪ್ರಮೀಳಾ ತನ್ನ ಮಗಳು ಅರ್ಪಿತಳನ್ನು ನೋಡಿಕೊಂಡು ಹೋಗಿದ್ದ ಗಂಡಿನ ಕಡೆಯವರ ವಿವರ ಹೇಳುತ್ತಿದ್ದಳು.

"ಉಡ್ಗ ಶಂಕರ್ ಅಂತ ಅತ್ತೆ. ನೀವು ಅವತ್ತು ಕಣ್ಣಾಸ್ಪತ್ರೆಗೆ ಓಗಿದ್ರಲ್ಲ, ಅವತ್ತೇ ಬಂದಿದ್ದು. ಕೆ.ಆರ್.ಪೇಟೇಲಿ ದನದ ಆಸ್ಪತ್ರೇಲಿ ಕೆಲ್ಸ. ಊರು ಶೀಳನೆರೆ. ಅಪ್ಪ ಚಿಕ್ಕಸ್ವಾಮಿ ಅಂತ, ಮಾತು ಕಮ್ಮಿ, ಒಳ್ಳೆ ಜನ. ಪಾರ್ವತಮ್ಮ ಅಂತ ಅಜ್ಜಿ ಇದ್ರಂತೆ, ಓದ್ವರ್ಸ ತೀರ್ಕಂಡ್ರಂತೆ."

"ಬ್ಯಾಡ," ಎಂದಳು ಮಂಚಮ್ಮ.

"ಏನ್ ಬ್ಯಾಡ? ಸಾರಾ?"

"ಆ ಸಂಬಂಧ ಬ್ಯಾಡ."

ಪಕ್ಕದಲ್ಲಿ ಉಣ್ಣುತ್ತಿದ್ದ ಮಗ ರವೀಂದ್ರ ತಲೆಯೆತ್ತಿದ. "ಯಾಕವ್ವ? ನೀನಿನ್ನೂ ಉಡ್ಗನ್ನೇ ನೋಡಿಲ್ಲ."

"ನೋಡೋದೇನು ಬೇಕಾಗಿಲ್ಲ. ಬ್ಯಾಡ ಅಂದ್ರೆ ಬ್ಯಾಡ ಕಣ್ಲಾ."

ಅಷ್ಟು ಹೇಳಿ ಎದ್ದು ಕೊಟ್ಟಿಗೆಗೆ ಹೋದಳು. ಪ್ರಮೀಳಾ ಗಂಡನ ಕಡೆ ತಿರುಗಿ, ಅತ್ತೆಗೆ ಕೇಳಿಸುವಷ್ಟೇ ಗಟ್ಟಿಯಾಗಿ ಅಂದಳು: "ಗೊತ್ತು ಬುಡಿ. ಅವ್ರಣ್ಣನ ಮೊಮ್ಮಗನ್ ಮೇಲೆ ಕಣ್ಣು. ಆ ಮೂರು ಓಟ್ಲು ಬದ್ಲಾಯಿಸಿರೋ ಸಪ್ಲೈಯರ್‌ಗೆ ನನ್ ಮಗಳ ಕೊಡಾದಕ್ಕೆ ನಾನೇನು ಸತ್ತೋಗಿಲ್ಲ."

ಅರ್ಪಿತ ಪಾಂಡವಪುರದಲ್ಲಿ ಡಿಗ್ರಿ ಮುಗಿಸಿ ವರ್ಷವಾಗಿತ್ತು. ಮೂರು ವರ್ಷ ಕ್ಯಾತನಹಳ್ಳಿಯಿಂದ ಬಸ್ಸಿನಲ್ಲಿ ಓಡಾಡಿದರೂ ಕಂಡಕ್ಟರಿಗೆ ಚಿಲ್ಲರೆ ಕೇಳಲು ಹೆದರುತ್ತಿದ್ದ ಹುಡುಗಿ ಅವಳು. ಶಂಕರ್ ಬಂದ ದಿನ ತಟ್ಟೆ ಹಿಡಿದು ತಲೆ ತಗ್ಗಿಸಿಕೊಂಡೇ ನಿಂತಿದ್ದಳು. ಅವನು ಅವಳ ಮುಖ ನೋಡುವ ಬದಲು ಕೊಟ್ಟಿಗೆ ಕಡೆ ನೋಡಿ, "ಆ ಕಪ್ಪು ಹಸುವಿನ ಎಸ್ರೇನು?" ಎಂದು ಕೇಳಿದ್ದ. ಇವನ ಜತೆಗಾದರೆ ಭಯವಿಲ್ಲದೆ ಇರಬಹುದೇನೋ ಎಂದು ಅವಳಿಗೆ ಮೊದಲ ಸಲ ಅನ್ನಿಸಿತ್ತು. ಈಗ ಅಜ್ಜಿ ಕೈ ತೊಳೆದ ತಟ್ಟೆಯಲ್ಲಿ ಮುದ್ದೆ ಕರಗುವುದನ್ನು ನೋಡುತ್ತ ಕೂತಳು.

ಆ ವಾರವೆಲ್ಲ ಮನೆಯಲ್ಲಿ ಅದೇ ಜಗಳ. ಹಾಲು ಕರೆಯುವಾಗ ಒಂದು ಸುತ್ತು, ಡೇರಿಗೆ ಹಾಕಿ ಬಂದ ಮೇಲೆ ಒಂದು ಸುತ್ತು. ಕಾರಣ ಕೇಳಿದರೆ ಅಜ್ಜಿ ದಿನಕ್ಕೊಂದು ಹೇಳುವಳು. ಒಂದು ದಿನ ಆ ಊರಿನ ನೀರು ಸವುಳು ಎಂದಳು. ಇನ್ನೊಂದು ದಿನ ಆ ಮನೆಯವರ ಬೆಡಗು, ಅಂದರೆ ಗೋತ್ರದಂಥ ಬಳಿ, ನಮಗೆ ಕೂಡುವುದಿಲ್ಲ ಎಂದಳು.

"ಬೆಡಗು ತಾನೆ?" ಎಂದ ರವೀಂದ್ರ. "ಅವ್ರೂ ಕೇಳವ್ರೆ. ಎಳವ್ರನ್ನ ಕರ್ಸ್‌ಬುಟ್ರೆ ಆಯ್ತಲ್ಲ. ಮಗ ಅರ್ಪಿತ, ನೀನೂ ಅದೇನೋ ವಂಶವೃಕ್ಷ ಬರೀತಾ ಇದ್ಯಲ್ಲ, ನಿಂಗೂ ಆಯ್ತದೆ. ದ್ಯಾವಯ್ಯನ ಫೋನ್ ನಂಬ್ರ ಡೇರಿ ಸೆಕ್ರೆಟರಿ ತಾವ ಅದೆ."

ಹೌದು, ಅರ್ಪಿತ ಬರೆಯುತ್ತಿದ್ದಳು. ತಾತ ಕಾಳೇಗೌಡ ಸತ್ತು ಖಾತೆ ಬದಲಾಯಿಸುವಾಗ ಕಚೇರಿಗೆ ಕೊಟ್ಟ ನಾಲ್ಕು ಹೆಸರಿನ ಪಟ್ಟಿ ನೋಡಿ ಅವಳಿಗೆ ಆಸೆ ಹುಟ್ಟಿತ್ತು. ನಾಲ್ಕೇ ಜನವೇ? ಅದಕ್ಕೂ ಹಿಂದಿನವರು? ಅಜ್ಜಿಯನ್ನು ಕೇಳಿದಾಗಲೆಲ್ಲ, "ಸತ್ತೋರ ಎಸ್ರು ಬರ್ದು ಏನ್ ಗೋಡೆಗೆ ಅಂಟುಸ್ಕತೀಯಾ?" ಎಂದು ಗದರಿಸಿಕೊಂಡಿದ್ದಳು. ಅರ್ಪಿತ ಹೆಳವ ದ್ಯಾವಯ್ಯನಿಗೆ ಫೋನು ಮಾಡಿದಳು. ಹೊಸಬರ ಜತೆ ಮಾತಾಡಲು ನಾಲಿಗೆ ತಡವರಿಸುವ ಹುಡುಗಿ ಅವತ್ತು ಹೇಗೋ ಧೈರ್ಯ ಮಾಡಿದಳು. ಆಮೇಲೆ ಎಷ್ಟು ಸಲ ಪಶ್ಚಾತ್ತಾಪಪಟ್ಟಳೋ.

ಹೆಳವರೆಂದರೆ ಆ ಸೀಮೆಯ ಒಕ್ಕಲು ಮನೆಗಳ ವಂಶವನ್ನು ತಲೆತಲಾಂತರದಿಂದ ಬರೆದಿಟ್ಟು ಹಾಡುವವರು. ಐದಾರು ವರ್ಷಕ್ಕೊಮ್ಮೆ ಬಂದು, ಹುಟ್ಟಿದವರನ್ನು ಸೇರಿಸಿ, ಸತ್ತವರಿಗೆ ಗೀಟು ಹಾಕಿ, ಮೊರದ ತುಂಬ ಭತ್ತ ಇಸಿದುಕೊಂಡು ಹೋಗುವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ದ್ಯಾವಯ್ಯ ಮುಂದಿನ ಬುಧವಾರ ಟಿ.ವಿ.ಎಸ್. ಗಾಡಿಯಲ್ಲಿ, ಹ್ಯಾಂಡಲ್ಲಿಗೆ ಗಂಟೆ ಕಟ್ಟಿಕೊಂಡು, ಹಿಂದೆ ರಟ್ಟಿನ ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿಕೊಂಡು ಬಂದ.

ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ಅವನು ಕಣ್ಣು ಮುಚ್ಚಿ ಗಂಟೆ ಆಡಿಸುತ್ತ ಶುರುಮಾಡಿದ. ನಾಗಮಂಗಲದ ಸೀಮೆಯಿಂದ ಮೂರು ಎತ್ತು, ಒಂದು ಗಾಡಿ ಹೊಡೆದುಕೊಂಡು ಬಂದ ಮೂಲಪುರುಷನಿಂದ ಹಿಡಿದು ಒಂಬತ್ತು ತಲೆ. ಅರ್ಪಿತ ಒಂದೂ ಬಿಡದೆ ಬರೆದುಕೊಂಡಳು. ಕಾಳೇಗೌಡನ ತಲೆಗೆ ಬಂದಾಗ ರಾಗ ನಿಧಾನವಾಯಿತು.

"ಕಾಳೇಗೌಡನ ಮಡದಿ ಮಂಚಮ್ಮ. ಉಟ್ಟಿ ಕಣ್ಮುಚ್ಚಿದ್ದು ಮೂರು. ನಾಕನೇದು ತೌಡಿಗೆ ಮಾರಿ ತೌಡಿಗೆ ಕೊಂಡ ಮಗ, ರವೀಂದ್ರ."

ಪ್ರಮೀಳಾ ಕಿಸಕ್ಕನೆ ನಕ್ಕಳು. "ಏನು! ನಿಮ್ಮುನ್ನ ತೌಡಿಗೆ ಮಾರಿದ್ರಾ?"

"ಊರಲ್ಲಿ ಅಳೇ ಜನ ನನ್ನ ತೌಡ ಅಂತ್ಲೇ ಕರೀತಿದ್ರು ಕಣೆ," ರವೀಂದ್ರ ಮೂಗಿನ ಬಲಹೊಳ್ಳೆಯ ಮೇಲಿದ್ದ ಸಣ್ಣ ಕುಳಿಯನ್ನು ತೋರಿಸಿದ. "ಮಕ್ಳು ಉಳೀದಿದ್ರೆ ಇಂಗೆ ಮೂಗು ಚುಚ್ಚಿ ಯಾರ್ಗಾದ್ರೂ ಮಾರೋರು. ಸಾವು ಬಂದು ನೋಡುದ್ರೆ, ಅಯ್ಯೋ ಇದು ಇವ್ರ ಮಗ ಅಲ್ಲ ಬುಡು ಅಂತ ವಾಪಸ್ ಓಗ್ಲಿ ಅಂತ. ಆಮೇಲೆ ತೌಡು ತಿರುಗ್ಸಿ ಕೊಟ್ಟು ತರೋದು. ಒಂದು ಸೇರು ತೌಡು ನನ್ ಬೆಲೆ!"

ಎಲ್ಲರೂ ನಕ್ಕರು. ಬಾಗಿಲ ಸಂದಿಯಲ್ಲಿ ನಿಂತಿದ್ದ ಅಜ್ಜಿ ಮಾತ್ರ ನಗಲಿಲ್ಲ ಎಂಬುದು ಅರ್ಪಿತಳ ಕಣ್ಣಿಗೆ ಬಿತ್ತು.

"ಇನ್ನೊಂದು ಮನೆ ನೋಡ್ಬೇಕಾಗಿತ್ತು ದ್ಯಾವಯ್ಯ," ಎಂದ ರವೀಂದ್ರ. "ಶೀಳನೆರೆ ಪಾರ್ವತಮ್ಮನೋರ ಮನೆ. ಆ ಮನೆ ಉಡ್ಗನ್ಗೆ ನಮ್ ಮಗಳ ಕೊಡಾಣ ಅಂತ."

ದ್ಯಾವಯ್ಯ ಪೆಟ್ಟಿಗೆಯಿಂದ ಬೇರೆ ಪುಸ್ತಕ ತೆಗೆದ. ಎಂಜಲು ಮುಟ್ಟಿಸಿ ಹಾಳೆ ತಿರುಗಿಸಿದ. ಒಂದು ಕಡೆ ಬೆರಳು ನಿಂತಿತು. ಓದಿದ. ತಲೆಯೆತ್ತಿ ರವೀಂದ್ರನ ಮುಖವನ್ನು, ಆ ಮೂಗನ್ನು ನೋಡಿದ. ಮತ್ತೆ ಓದಿದ. ಪುಸ್ತಕ ಮುಚ್ಚಿ ದಾರ ಸುತ್ತತೊಡಗಿದ.

"ಏನಯ್ಯಾ? ಬೆಡಗು ಕೂಡ್ತದಾ?"

"ಈ ಸಂಬಂಧ ನನ್ ಕೈಲಿ ಬರ್ಯಾಕಾಗಾಕಿಲ್ಲ ಸ್ವಾಮಿ."

ಪ್ರಮೀಳಾ ಮೊರದಲ್ಲಿ ಭತ್ತ, ಎಲೆ ಅಡಿಕೆ, ಪಂಚೆ ತಂದು ಮುಂದಿಟ್ಟಳು. ಅವನು ಮೊರಕ್ಕೆ ಕೈಮುಗಿದು ಎದ್ದ, ಮುಟ್ಟಲಿಲ್ಲ. ಹೆಳವ ಭತ್ತ ಬಿಟ್ಟು ಹೋದ ಮನೆ ಎಂದು ಆ ಊರಲ್ಲಿ ಯಾರೂ ಕೇಳಿರಲಿಲ್ಲ. ಗಾಡಿಯ ಗಂಟೆ ಬೀದಿಯ ತಿರುವಿನವರೆಗೂ ಕೇಳಿಸಿತು.

"ದುಡ್ಡು ಜಾಸ್ತಿ ಬೇಕಾಗಿತ್ತೇನೋ ಬುಡಿ," ಎಂದಳು ಪ್ರಮೀಳಾ. ಅವಳ ದನಿಯಲ್ಲೂ ಮೊದಲಿನ ಖದರಿರಲಿಲ್ಲ.

ಮೂರನೇ ದಿನಕ್ಕೆ ರವೀಂದ್ರನಿಗೆ ಜ್ವರ ಬಂತು. ಕಬ್ಬಿಗೆ ನೀರು ಕಟ್ಟಿ ಬಂದವನು ಚಳಿ ಎಂದು ಮುದುರಿಕೊಂಡ. ಪಾಂಡವಪುರದಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಡೆಂಗಿ. ಐದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಡ್ರಿಪ್ ಹಾಕಿದರು. ಊರಲ್ಲಿ ಇನ್ನೂ ಆರು ಜನಕ್ಕೆ ಬಂದಿತ್ತು, ಎಲ್ಲರ ಮನೆಯಲ್ಲೂ ಬಂದ ಹಾಗೆ ಇವರ ಮನೆಗೂ ಬಂತು ಎಂದು ಪ್ರಮೀಳಾ ಸಮಾಧಾನ ಮಾಡಿಕೊಂಡಳು. ಮಂಚಮ್ಮ ಮಾಡಿಕೊಳ್ಳಲಿಲ್ಲ.

ಮಗ ಮನೆಗೆ ಬಂದ ದಿನವೇ ಅವನ ಮಂಚದ ಕೆಳಗೆ ಕುಡುಗೋಲು ಇಟ್ಟಳು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಅವನ ಚಪ್ಪಲಿಯನ್ನು ಕೊಟ್ಟಿಗೆಯ ಅಟ್ಟದ ಮೇಲೆ ಬಚ್ಚಿಟ್ಟಳು. ನೋಡಲು ಬಂದ ಪಕ್ಕದ ಮನೆಯವನು ಗೇಟಿನಲ್ಲೇ "ರವೀಂದ್ರಾ!" ಎಂದು ಕೂಗಿದ್ದಕ್ಕೆ ಪೊರಕೆ ಹಿಡಿದು ಓಡಿದಳು.

"ಎಸ್ರಿಡ್ದು ಕೂಗ್ಬ್ಯಾಡ ಕಣ್ಲಾ! ಯಾರೂ ಅವ್ನ ಎಸ್ರು ಎತ್ಬ್ಯಾಡಿ!"

"ನಿಮ್ಮವ್ವಂಗೆ ತಲೆ ಕೆಟ್ಟದೆ," ಎಂದು ಪ್ರಮೀಳಾ ಗಂಡನಿಗೆ ಗಂಜಿ ಕುಡಿಸುತ್ತ ಅತ್ತಳು. ಆದರೆ ಅವಳೂ ಆಮೇಲೆ ಅವನನ್ನು ಹೊರಗಿನವರ ಮುಂದೆ 'ಇವರು' ಎಂದಳೇ ಹೊರತು ಹೆಸರು ಹೇಳಲಿಲ್ಲ. ಯಾರೋ ಹೊಸ್ತಿಲಾಚೆ ನಿಂತು ಕಿವಿಗೊಟ್ಟಿರುವ ಹಾಗೆ ಮನೆಮಂದಿಯೆಲ್ಲ ಪಿಸುದನಿಗೆ ಇಳಿದರು. ಹಾಡುಹಗಲೇ ಅರ್ಪಿತಳಿಗೆ ಹಿತ್ತಿಲಿಗೆ ಒಬ್ಬಳೇ ಹೋಗಲು ಭಯ. ಹೆಳವನನ್ನು ಕರೆಸಿದ್ದು ತಾನು. ಸತ್ತವರ ಹೆಸರೆಲ್ಲ ಎಬ್ಬಿಸಿದ್ದು ತಾನು. ಬರೆದುಕೊಂಡಿದ್ದ ಹಾಳೆಗಳನ್ನು ಒಲೆಗೆ ಹಾಕಲು ಹೋದಳು. ಅಪ್ಪನ ಹೆಸರೂ ಅದರಲ್ಲಿದೆ ಎಂದು ನೆನಪಾಗಿ ಕೈ ಬರಲಿಲ್ಲ.

ಅಷ್ಟರಲ್ಲಿ ಶೀಳನೆರೆಯಿಂದ ಫೋನು. ಬೀಗರ ಆರೋಗ್ಯ ಸುಧಾರಿಸಿತಲ್ಲ, ಭಾನುವಾರ ತಾಂಬೂಲ ಬದಲಾಯಿಸಿಕೊಳ್ಳಲು ಬರುತ್ತೇವೆ ಎಂದರು. ಪ್ರಮೀಳಾ ಅತ್ತೆಯನ್ನು ಕೇಳದೆ ಒಪ್ಪಿಬಿಟ್ಟಳು.

ಶುಕ್ರವಾರ ಬೆಳಗ್ಗೆ ಅರ್ಪಿತ ಹುಲ್ಲಿನ ಮೆದೆಯ ಹಿಂದೆ ನಿಂತು ದ್ಯಾವಯ್ಯನಿಗೆ ಫೋನು ಮಾಡಿದಳು. ಅವನು ಹೇಮಗಿರಿ ಕಡೆಯಲ್ಲಿದ್ದ.

"ಆ ಪುಸ್ತಕದಲ್ಲಿ ಏನಿತ್ತು ಹೇಳಿ."

"ಒಬ್ರ ಮನೆ ಮಾತ ಇನ್ನೊಬ್ರ ಮನೇಲಿ ಬಿಚ್ಚೋದು ನಮ್ಮಲ್ಲಿಲ್ಲ ತಾಯಿ. ಬಿಚ್ಚುದ್ರೆ ನಾಳೆ ಯಾರೂ ನಮ್ಮುನ್ನ ಜಗಲಿ ಅತ್ಸಾಕಿಲ್ಲ."

"ನಮ್ಮಪ್ಪ ಸಾಯ್ತಾರಾ?" ಅವಳಿಗೇ ಗೊತ್ತಿಲ್ಲದೆ ಆ ಮಾತು ಬಂದುಬಿಟ್ಟಿತು.

"ಅಂಗೆಲ್ಲ ಅನ್ಬ್ಯಾಡ ಮಗ. ನಿಮ್ಮಜ್ಜಿನ ಕೇಳು. ಆವಮ್ಮಂಗೆ ಗೊತ್ತು. ಕೇಳೋ ಮುಂಚೆ ಮಾತ್ರ ಆ ಉಡ್ಗನ ತಾಂಬೂಲ ಮುಟ್ಬ್ಯಾಡ. ಇಷ್ಟು ಯೇಳಿದ್ದೇ ಎಚ್ಚಾಯ್ತು."

ಅಡುಗೆಮನೆಯಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ಪ್ರಮೀಳಾ ಭಾನುವಾರಕ್ಕೆ ಒಬ್ಬಟ್ಟಿನ ಬೇಳೆ ಆರಿಸುತ್ತಿದ್ದಳು. ಅರ್ಪಿತ ಅವರ ಮಧ್ಯೆ ಬಂದು ನಿಂತಳು.

"ಅಜ್ಜಿ, ನಾನು ಆ ತಾಂಬೂಲ ಮುಟ್ಟಬಾರದಂತೆ. ಹೆಳವ ಹೇಳಿದ. ಕಾರಣ ನಿಮ್ಮಜ್ಜಿಗೆ ಗೊತ್ತು ಅಂದ. ನೀನು ಹೇಳದಿದ್ರೆ ನಾನು ಭಾನುವಾರ ಮುಟ್ತೀನಿ."

ಸೊಸೆಯ ಕೈಯಲ್ಲಿ ಬೇಳೆ ನಿಂತಿತು. ಮಂಚಮ್ಮ ಮೊಮ್ಮಗಳನ್ನು ದಿಟ್ಟಿಸಿದಳು. ಜೋರಾಗಿ ಒಂದು ಮಾತಾಡದ ಈ ಹುಡುಗಿಯಿಂದ ಇಂಥ ಬೆದರಿಕೆ ಅವಳು ಎಣಿಸಿರಲಿಲ್ಲ.

"ಮುಟ್ಬ್ಯಾಡ," ಎಂದಳು. "ಮುಟ್ಬ್ಯಾಡ ಕಣಮ್ಮಿ. ಅವ ನಿಂಗೆ ಅಣ್ಣ ಆಗ್ಬೇಕು."

ಆಮೇಲೆ ಹೇಳಿದಳು. ಸಿಪ್ಪೆಯನ್ನು ಒಂದು ಕಡೆ, ಕಾಳನ್ನು ಒಂದು ಕಡೆ ಹಾಕುತ್ತಲೇ ಹೇಳಿದಳು.

"ಮೂರು ಮಕ್ಳು ಓದೊ. ಒಂದೂ ಆರು ತಿಂಗ್ಳು ದಾಟ್ಲಿಲ್ಲ. ನಾಕ್ನೇದು ಉಟ್ದಾಗ ಶಾಸ್ತ್ರ ಯೇಳೋನು ಅಂದ, ಇದ್ನ ಮಾರ್ಬುಡಿ, ಮುಡಿ ತೆಗ್ಸೋಗಂಟ ಎತ್ತೋಳ ಕಣ್ಗೆ ಬೀಳ್ಬಾರ್ದು ಅಂತ. ಪಾರ್ವತಿ ನಮ್ಮೂರೋಳು, ಒಟ್ಗೆ ಸಗಣಿ ಬಾಚಿದೋರು ನಾವು. ಶೀಳನೆರೆಗೆ ಕೊಟ್ಟಿದ್ರು. ಗಂಡ ಸತ್ತಿದ್ದ. ದೊಡ್ಡ ಮಗ ಒಬ್ಬ, ಅವ್ನೇ ಈ ಚಿಕ್ಕಸ್ವಾಮಿ, ಅವಾಗ ನಮ್ಮೂರಲ್ಲಿ ಅಜ್ಜಿ ಮನೇಲಿ ಬೆಳೀತಿದ್ದ. ಕಂಕುಳಲ್ಲಿ ಇನ್ನೊಂದು ಆಲು ಕುಡ್ಯೋ ಕೂಸು. ಮೂಗು ಚುಚ್ಚಿ, ಮೊರದಲ್ಲಿ ಮಲಗ್ಸಿ ಕೊಟ್ಟೆ. ಒಂದು ಸೇರು ತೌಡು ಸುರುದು ಎತ್ಕಂಡೋದ್ಲು. ಎರಡಕ್ಕೂ ಅವ್ಳೇ ಆಲು ಕೊಟ್ಳು."

"ಆಮೇಲೆ?" ಎಂದಳು ಪ್ರಮೀಳಾ.

"ಮೂರ್ನೇ ವರ್ಸಕ್ಕೆ ಮುಡಿ ತೆಗ್ಸಿ, ತೌಡು ತಿರುಗ್ಸಿ ಕೊಟ್ಟು ಕರ್ಕಂಡ್ ಬಂದೆ. ಕೊಡೋವಾಗ ಅವ್ಳ ಕೈ ಬುಡ್ಲೇ ಇಲ್ಲ, ನಿಮ್ಮಾವ ಬುಡುಸ್ಬೇಕಾಯ್ತು. ಕೂಸು ಗಾಡೀಲಿ ಬತ್ತಾ ಬತ್ತಾ ಅತ್ತು ಅತ್ತು ನಿದ್ದೆ ಮಾಡ್ತು. ಮಾರ್ನೇ ದಿನ ಎಣ್ಣೆ ಅಚ್ಚೋವಾಗ ನೋಡ್ತೀನಿ, ಮೂಗಿನ ತೂತು ಅಸೀದು. ಕೀವು ಕಟ್ಕಂಡದೆ. ಮೂರು ವರ್ಸದ್ ತೂತು ಅಸೀದಾಗಿರ್ತದಾ ಪ್ರಮೀಳಾ?"

ಬೇಳೆಯ ಮೊರ ಪ್ರಮೀಳಾಳ ಮಡಿಲಲ್ಲೇ ವಾಲಿತು. "ಅಂದ್ರೆ ಅವ್ರ ಮಗೂನ..."

"ಅವ್ಳ ಮಗಿನೇ. ಮೂಗು ಚುಚ್ಚಿ ಕೊಟ್ಬುಟ್ಳು."

"ನಿಮ್ಮ ಮಗು ಏನಾಯ್ತು ಅಂತ ಕೇಳ್ಲಿಲ್ವ ಅತ್ತೆ?"

"ಏನ್ ಯೇಳ್ತಾಳೋ ಅಂತ ಭಯ ಆಯ್ತು. ಇವತ್ತು ಕೇಳಾಣ, ನಾಳೆ ಕೇಳಾಣ ಅಂತಿದ್ದೆ. ಅಷ್ಟ್ರಲ್ಲಿ ಇದು ನನ್ ಕತ್ತು ತಬ್ಕಂಡು ಅವ್ವ ಅಂದ್ಬುಡ್ತು ಕಣವ್ವ." ಮಂಚಮ್ಮ ಕಣ್ಣೊರೆಸಿಕೊಳ್ಳಲಿಲ್ಲ, ಯಾಕೆಂದರೆ ಕಣ್ಣು ಒಣಗಿಯೇ ಇತ್ತು. "ಅವತ್ತಿಂದ ಶೀಳನೆರೆ ಕಡೆ ತಲೆ ಆಕಿ ಮಲಗಿಲ್ಲ. ಅಳ್ಲೂ ಇಲ್ಲ. ಅತ್ರೆ ಸಾವ್ಗೆ ಗೊತ್ತಾಗ್ಬುಡ್ತದೆ, ಮಕ್ಳು ಅದಲು ಬದಲಾಗವೆ ಅಂತ. ಇವತ್ತು ನನ್ ಬಾಯಲ್ಲೇ ಇವ ನನ್ನೋನಲ್ಲ ಅನ್ನಿಸ್ಬುಟ್ರಲ್ಲ ನೀವು. ಇನ್ನೇನು, ಬತ್ತದೆ ಕರ್ಕಂಡೋಗಾಕೆ."

"ಯಾರವ್ವ ಬರೋದು?"

ರವೀಂದ್ರ ಬಾಗಿಲಲ್ಲಿ ನಿಂತಿದ್ದ. ಜ್ವರದಲ್ಲಿ ಇಳಿದ ಮೈಗೆ ಅಂಗಿ ಜೋತಾಡುತ್ತಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನು ಬಂದು ಅವ್ವನ ಎದುರು ಕುಕ್ಕರಗಾಲಲ್ಲಿ ಕೂತ.

"ಐವತ್ತು ವರ್ಸ ಈ ಮಾತ ಮಡಿಕ್ಕಂಡು ಎಂಗವ್ವ ನಿದ್ದೆ ಮಾಡ್ದೆ?"

"ನಾನೆಲ್ಲಿ ನಿದ್ದೆ ಮಾಡ್ದೆ ಮಗ," ಎಂದಳು ಮಂಚಮ್ಮ.

ರವೀಂದ್ರ ಅವ್ವ ಸುಲಿದಿಟ್ಟ ಕಾಳಿನಲ್ಲಿ ಹುಳುಕು ಕಂಡದ್ದನ್ನು ಆರಿಸಿ ಎಸೆದ. ಆಮೇಲೆ ಅರ್ಪಿತಳ ಕೈಯಿಂದ ಫೋನು ಇಸಿದುಕೊಂಡು, ಎಲ್ಲರ ಎದುರಿಗೇ ದ್ಯಾವಯ್ಯನಿಗೆ ಮಾಡಿ, ಸ್ಪೀಕರು ಹಾಕಿದ.

"ಅವ್ವ ಯೇಳವ್ಳೆ. ಇನ್ನು ಓದಯ್ಯ."

"ನೀವು ಎರಡೂ ಮನೆಯೋರು ಸ್ವಾಮಿ, ನಿಮ್ಗೆ ಓದ್ಬೋದು," ಎಂದ ದ್ಯಾವಯ್ಯ. ಹಾಳೆ ತಿರುಗಿದ ಸದ್ದು. "ನಮ್ಮಪ್ಪನ ಕೈಬರ. ಪಾರ್ವತಮ್ಮ ಒಬ್ಳೇ ಇದ್ದಾಗ ಯೇಳಿ ಬರ್ಸಿದ್ದು, ಆವಮ್ಮನ್ ಮಾತಲ್ಲೇ ಅದೆ. ಕಿರಿ ಮಗ ಅಪ್ಪು, ಕ್ಯಾತನಹಳ್ಳಿ ಮಂಚಮ್ಮನ ಮಡ್ಲಿಗೆ. ಮಂಚಮ್ಮನ ಕೂಸು ದಡಾರದಲ್ಲಿ ನನ್ನ ತೊಡೆ ಮೇಲೆ ಓಯ್ತು. ಅವ್ಳ ಮುಖ ನೋಡೋ ಶಕ್ತಿ ಇರ್ಲಿಲ್ಲ. ಊರ್ಗೆ ನನ್ ಮಗ ಸತ್ತ ಅಂದಿವ್ನಿ. ಇಲ್ಲಾದ್ರೂ ದಿಟ ಇರ್ಲಿ. ಇಷ್ಟೇ ಸ್ವಾಮಿ."

ಮಂಚಮ್ಮ ಎದ್ದು ಹೋಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಶನಿವಾರವೆಲ್ಲ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಅರ್ಪಿತ ಗಳಿಗೆಗೊಮ್ಮೆ ಬಾಗಿಲಿಗೆ ಕಿವಿಯಿಟ್ಟು ಉಸಿರಾಡುವ ಸದ್ದು ಕೇಳಿಸಿಕೊಂಡು ಬರುತ್ತಿದ್ದಳು.

"ಫೋನಲ್ಲಿ ಬ್ಯಾಡ ಅಂದ್ಬುಡಿ, ಜಾತ್ಕ ಕೂಡ್ಲಿಲ್ಲ ಅನ್ನಿ, ಮುಗೀತು," ಎಂದಳು ಪ್ರಮೀಳಾ. "ಆ ಜನಕ್ಕೆ ಗೊತ್ತಾದ್ರೆ ಏನೇನು ಕೇಳ್ತಾರೋ. ಈ ವಯಸ್ನಲ್ಲಿ ನೀವು ಯಾರು ಅಂತ ಊರ್ಗೆಲ್ಲ ಸಾರ್ಬೇಕಾ?"

"ಬರ್ಲಿ," ಎಂದ ರವೀಂದ್ರ. ಅಷ್ಟೇ ಹೇಳಿದ್ದು.

ಭಾನುವಾರ ಹನ್ನೊಂದು ಗಂಟೆಗೆ ಕಾರು ಬಂತು. ಹಣ್ಣಿನ ತಟ್ಟೆ ಹಿಡಿದ ಹೆಂಗಸರು ಇಳಿಯುವ ಮುಂಚೆಯೇ ರವೀಂದ್ರ ಬರಿಗಾಲಲ್ಲಿ ಗೇಟಿಗೆ ಹೋಗಿ ಚಿಕ್ಕಸ್ವಾಮಿಯನ್ನು ಪಕ್ಕಕ್ಕೆ ಕರೆದ. ಅಜ್ಜಿ ಕೋಣೆಯಿಂದ ಬಂದು ಕಿಟಕಿಯ ಹಿಂದೆ ನಿಂತು ಅರ್ಪಿತಳ ಮಣಿಕಟ್ಟು ಹಿಡಿದಳು. ಆ ಮುದಿ ಬೆರಳುಗಳಲ್ಲಿ ಅಷ್ಟು ಬಲವಿದೆ ಎಂದು ಅರ್ಪಿತಳಿಗೆ ಗೊತ್ತಿರಲಿಲ್ಲ. ಮಾತು ಕೇಳಿಸುತ್ತಿರಲಿಲ್ಲ. ಅಪ್ಪ ಮಾತಾಡುತ್ತಿದ್ದ, ಆ ಮನುಷ್ಯ ನೆಲ ನೋಡುತ್ತಿದ್ದ. ಇಬ್ಬರೂ ಒಂದೇ ರೀತಿ ಸೊಂಟದ ಮೇಲೆ ಕೈ ಮಡಚಿ ನಿಂತಿದ್ದಾರೆ ಎಂಬುದು ಈಗ ಕಂಡಿತು. ಮೊದಲು ಯಾರೂ ನೋಡಿರಲಿಲ್ಲ. ಚಿಕ್ಕಸ್ವಾಮಿ ತೂರಾಡಿದಂತಾಗಿ ಕಾರಿನ ಬಾನೆಟ್ಟಿಗೆ ಕೈಯೂರಿದ. ಶಂಕರ್ ಇಳಿದು ಬಂದು ತನ್ನಪ್ಪನ ಮಾತು ಕೇಳಿ, ಒಮ್ಮೆ ಮನೆಯ ಕಡೆ ನೋಡಿ, ಸರಕ್ಕನೆ ತಿರುಗಿ ಕಬ್ಬಿನ ಗದ್ದೆಗೆ ಮುಖ ಮಾಡಿ ನಿಂತುಬಿಟ್ಟ. ಅರ್ಪಿತಳಿಗೆ ನಾಚಿಕೆಯೋ ಹೇಸಿಗೆಯೋ ದುಃಖವೋ ತಿಳಿಯದೆ ತಲೆ ತಗ್ಗಿತು.

ಚಿಕ್ಕಸ್ವಾಮಿ ಮನೆಯ ಕಡೆ ನಡೆದು ಬಂದ.

"ಬಂದ ಕಣಮ್ಮಿ," ಎಂದಳು ಅಜ್ಜಿ. "ತಮ್ಮುನ್ನ ಕೇಳಾಕೆ ಬಂದ."

ಕೈ ಬಿಟ್ಟು ಹೋಗಿ ಹೊಸ್ತಿಲಿಗೆ ಅಡ್ಡ ನಿಂತಳು, ಎರಡೂ ಕಡೆ ಬಾಗಿಲವಾಡ ಹಿಡಿದು. "ಕೊಡಾಕಿಲ್ಲ ಕಣಪ್ಪ. ತೌಡು ಕೊಟ್ಟಿವ್ನಿ ನಾನು. ಕೊಂಡ್ಕಂಡಿವ್ನಿ."

ಚಿಕ್ಕಸ್ವಾಮಿ ಜಗಲಿಯ ಕೆಳಗೇ ನಿಂತ. ಅರವತ್ತು ದಾಟಿದ ಮನುಷ್ಯ.

"ಯಾರು ಕೇಳುದ್ರವ್ವ ನಿನ್ ಮಗನ್ನ? ಕೂತ್ಕೊ. ನಮ್ಮವ್ವ ಸಾಯೋ ಮುಂಚೆ ನಾಕು ದಿನ ಕ್ಯಾತ್ನಳ್ಳಿ, ಕ್ಯಾತ್ನಳ್ಳಿ ಅಂತ್ಲೇ ಇದ್ಲು. ಈ ಊರಲ್ಲಿ ನೆಂಟಸ್ತಿಕೆ ಮಾಡು ಅಂತಾವ್ಳೆ ಅಂದ್ಕಂಡು ನಾನು ಎಣ್ಣು ಉಡೀಕಂಡು ಬಂದೆ. ನೋಡು, ಎಂಥ ಪಾಪ ಮಾಡಿಸ್ತಿದ್ದೆ."

ಅಜ್ಜಿ ಬಾಗಿಲವಾಡ ಬಿಡಲಿಲ್ಲ.

"ನಮ್ ತೋಟದ್ ಮೂಲೇಲಿ ಮಣ್ಣು ಮಾಡಿರೋ ಒಂದು ಗುಂಡಿ ಅದೆ," ಎಂದ ಅವನು. "ಚಿಕ್ಕದು, ಇಷ್ಟೇ. ಅವ್ವ ವರ್ಸಾ ವರ್ಸಾ ಅಲ್ಗೆ ಆಲು ತಗಂಡೋಗೋಳು. ಈ ವರ್ಸ ಅವ್ಳಿಲ್ಲ ಅಂತ ನಾನೇ ಆಲು ಬುಟ್ಟು ಬಂದೆ. ನನ್ ತಮ್ಮ ಅಂದ್ಕಂಡಿದ್ದೆ. ನಿನ್ ಕೂಸಂತಲ್ಲವ್ವ ಅದು. ಬಾ, ಕಾರು ಅದೆ, ತೋರುಸ್ತೀನಿ."

ಮಂಚಮ್ಮನ ಕೈಗಳು ಒಂದೊಂದಾಗಿ ಕೆಳಗಿಳಿದವು. ಹೊಸ್ತಿಲ ಮೇಲೇ ಕುಸಿದು ಕೂತಳು. ಗೇಟಿನಿಂದ ಓಡಿಬಂದ ರವೀಂದ್ರ ಅವಳ ಬೆನ್ನಿಗೆ ಕೈ ಕೊಟ್ಟ. ಅವಳು ಅವನ ಕಡೆ ನೋಡಲಿಲ್ಲ. ಚಿಕ್ಕಸ್ವಾಮಿಯ ಮುಖವನ್ನೇ ನೋಡುತ್ತ, ತೀರ ಮೆಲ್ಲಗೆ ಕೇಳಿದಳು:

"ಅಲ್ಲಿ ಮಳೆ ನೀರು ನಿಲ್ತದೇನಪ್ಪ?"

"ಇಲ್ಲ ಕಣವ್ವ. ದಿಣ್ಣೆ ಮೇಲದೆ."

ಕೇಳಿಸಲೇ ಇಲ್ಲವೆಂಬಂತೆ ಅವಳು ಮತ್ತೆ ಕೇಳಿದಳು. ಈ ಸಲ ಕಣ್ಣಲ್ಲಿ ನೀರು ಹರಿಯುತ್ತಿತ್ತು.

"ನಿ‌ಲ್ತದೇನಪ್ಪ, ನೀರು?"